ಕ್ವಾರಿ ಗೋಡೆಯ ಹುಲ್ಲು

ಊರಿನ ಮೇಲಿನ ಗುಡ್ಡ ಮಳೆ ಬಂದಾಗಲೆಲ್ಲ ಕುಸಿಯುತ್ತಿತ್ತು. ಆ ಮಣ್ಣನ್ನು ಹಿಡಿದು ನಿಲ್ಲಿಸಬಲ್ಲ ಹುಲ್ಲು ಉಳಿದಿದ್ದದ್ದು ಒಂದೇ ಕಡೆ: ಪಾಳುಬಿದ್ದ ಕಲ್ಲುಕ್ವಾರಿಯ ಗೋಡೆಯಲ್ಲಿ, ನಡುವೆ ಚಾಚಿಕೊಂಡಿದ್ದ ಬಂಡೆಯೊಂದರ ಮೇಲೆ. ಮರುದಿನ ಆ ಗೋಡೆಗೇ ಸಿಡಿಮದ್ದು ಇಡುವವರಿದ್ದರು. ಬೀಜ ತರುವುದಿದ್ದರೆ ಇವತ್ತೇ.

ಹಾಳಾದ ನೆಲಕ್ಕೆ ಮತ್ತೆ ಹಸಿರು ಹೊದಿಸುವುದು ಅದಕ್ಕೆ ಹೊರಟ ಸಸ್ಯವಿಜ್ಞಾನಿಯ ಕಸುಬು. ಎಷ್ಟೋ ಕಂಪನಿಗಳಿಗೆ ಸಲಹೆ ಕೊಟ್ಟಿದ್ದಳು, ಗುಡ್ಡಗಟ್ಟಲೆ ಸಸಿ ನೆಡಿಸಿದ್ದಳು. ಹಗ್ಗಕ್ಕೆ ಜೋತುಬಿದ್ದು ಮಾತ್ರ ಎಂದೂ ಇಳಿದವಳಲ್ಲ. ಜೊತೆಗೆ ಬಂದವನು ಅಕ್ಕನ ಗಂಡ, ಎತ್ತರದ ಕಟ್ಟಡಗಳ ಗಾಜು ಒರೆಸುವವನು.

"ನಾನೇ ಇಳೀತೀನಿ" ಎಂದ.

"ಬೀಜ ಬಲಿತಿದ್ಯೋ ಜೊಳ್ಳೋ ನಿಮಗೆ ಗೊತ್ತಾಗಲ್ಲ, ಭಾವ."

"ನಿಮ್ಮಕ್ಕನಿಗೆ ಹೇಳಿ ಬಂದ್ಯಾ?"

"ಇಲ್ಲ."

"ಹಾಗಾದ್ರೆ ನೀನು ಬಿದ್ರೆ ನಾನೂ ಹಿಂದೇನೇ ಹಾರ್ತೀನಿ. ಬರಿಗೈಲಿ ಮನೆಗೆ ಹೋಗೋಕಿಂತ ಅದೇ ವಾಸಿ."

ಅವಳು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಅವನು ಮೇಲಿನಿಂದ ಬಿಡುತ್ತಿದ್ದಂತೆ ಗೋಡೆಗುಂಟ ಬಂಡೆಗೆ ಇಳಿದಳು.

ಗೋಡೆಯುದ್ದಕ್ಕೂ ಹಳೆಯ ಉಳಿಗಳ ಗೀರುಗಳಿದ್ದವು. ತೀರಾ ಕೆಳಗೆ ಕಪ್ಪುಹಸಿರು ನೀರು ಅಲುಗಾಡದೆ ಬಿದ್ದಿತ್ತು. ಬಂಡೆಯ ಮೇಲೆ ಮಾತ್ರ ಎದೆಮಟ್ಟದ ಹುಲ್ಲು, ಬೆಳ್ಳಿಬಣ್ಣದ ತೆನೆಗಳನ್ನು ಹೊತ್ತು ಗಾಳಿಗೆ ಓಲಾಡುತ್ತಿತ್ತು. ತೆನೆ ಉಜ್ಜಿ ಉಜ್ಜಿ ಚೀಲ ತುಂಬಿದಳು.

ಕಾಲಡಿ ಏನೋ ಲಟಕ್ಕೆಂದಿತು.

"ಭಾವ, ಎಳೀರಿ!"

ಬಂಡೆ ಕಳಚಿಕೊಂಡು ಹೋಯಿತು. ಅವಳು ಗಾಳಿಯಲ್ಲಿ ಗಿರ್ರನೆ ತಿರುಗಿ ಗೋಡೆಗೆ ಬಡಿದಳು. ಹಗ್ಗ ಮೇಲಕ್ಕೆಳೆಯುತ್ತಿದ್ದರೂ ದೇಹ ಏಳಲಿಲ್ಲ. ಚೀಲದ ಪಟ್ಟಿ ಬಿರುಕಿನಲ್ಲಿ ಸಿಕ್ಕಿಕೊಂಡು ಹೆಗಲನ್ನು ಕೆಳಕ್ಕೆ ಜಗ್ಗುತ್ತಿತ್ತು. ಮೇಲಿನಿಂದ ಕಲ್ಲುಗಳು ಉದುರತೊಡಗಿದವು.

"ಹಗ್ಗ ಅಂಚಿಗೆ ಸವೀತಿದೆ! ಚೀಲ ಬಿಡು!"

"ಆಗಲ್ಲ!"

"ಬಿಡೇ, ನಿನ್ನ ದಮ್ಮಯ್ಯ!"

ಅವನ ದನಿ ನಡುಗುತ್ತಿತ್ತು. ಅವಳು ಕಣ್ಣು ಮುಚ್ಚಿ ಚೀಲದ ಕೊಕ್ಕೆ ಬಿಚ್ಚಿದಳು, ಪಟ್ಟಿ ಬಿರುಕಿನಿಂದ ಜಾರಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೀರಿನ ಸದ್ದಾಯಿತು.

ಭಾವ ಅವಳನ್ನು ಮೇಲಕ್ಕೆಳೆದುಕೊಂಡ. ಕುಸಿದು ಕೂತು ಮಗುವಿನ ಹಾಗೆ ಅತ್ತಳು. ಕಣ್ಣೊರೆಸಿಕೊಳ್ಳಲು ತೋಳೆತ್ತಿದರೆ ಕೆನ್ನೆಗೆ ಮುಳ್ಳಿನಂತೆ ಚುಚ್ಚಿತು. ಸ್ವೆಟರ್ ತುಂಬ ಆ ಹುಲ್ಲಿನ ಕೊಂಕುಬಾಲದ ಬೀಜಗಳು!

ಮೈಮೇಲಿನ ಧೂಳು ಕೊಡವಲು ಅವನು ಕೈಚಾಚಿದ.

"ಭಾವ, ಮುಟ್ಬೇಡಿ!"

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಮೂವರೂ ಸ್ವೆಟರಿನ ಸುತ್ತ ಕೂತು ಚಿಮಟದಿಂದ ಬೀಜ ಬಿಡಿಸಿದರು. ಅಕ್ಕ ಇಬ್ಬರಿಗೂ ಬಾಯಿತುಂಬ ಬೈದಳು, ಎಲ್ಲರಿಗಿಂತ ಬೇಗ ಬಿಡಿಸಿದವಳೂ ಅವಳೇ. ಒಂದು ಬಟ್ಟಲೂ ತುಂಬಲಿಲ್ಲ.

ಬೆಳಿಗ್ಗೆ ನರ್ಸರಿಯಲ್ಲಿ ಮೊದಲ ಪಾತಿಗೆ ಬೀಜ ಹಾಕುತ್ತಿದ್ದಾಗ ದೂರದಲ್ಲಿ ಸಿಡಿಮದ್ದು ಸಿಡಿಯಿತು. ಅವಳು ಬೆಚ್ಚಿ ಅಕ್ಕನ ತೋಳು ಹಿಡಿದುಕೊಂಡಳು. ಸದ್ದು ಅಡಗಿದ ಮೇಲೆ, ಬೀಜಗಳ ಮೇಲೆ ತೆಳ್ಳಗೆ ಮಣ್ಣು ಎಳೆದಳು.