ಹಳೆಯ ನಂಬರಿನ ಬಾಗಿಲು

ಹಬೀಬುರ್ರಹ್ಮಾನನೇ ಮಾಡಿರಬಹುದೇ? ಮಾಡಿದವನು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಹೀಗೆ ಎದುರಿಗೇ ನಿಲ್ಲುತ್ತಾನೆಯೇ? ಅಥವಾ ಹೀಗೆ ನಿಲ್ಲುವುದಕ್ಕಾಗಿಯೇ ಸುಟ್ಟುಕೊಂಡನೇ?

ಕಾಫಿ ಒಣಗಿಸುವ ಡ್ರೈಯರಿನ ಬಾಗಿಲು ತೆರೆದಾಗ ಶಂಕರನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಒಳಗೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜ ಇರಬೇಕಿತ್ತು. ಇದ್ದದ್ದು ಕರಿ. ಮುಟ್ಟಿದರೆ ಬೆರಳಿಗೆ ಮಸಿ. ವಸ್ತಾರೆಯ ಆಚೆಗಿನ ಆ ಎಸ್ಟೇಟಿನ ಜನವರಿ ಕೊಯ್ಲಿನ ಒಳ್ಳೆಯ ಬೀಜವೆಲ್ಲ ಹಿಂದಿನ ದಿನ ಹೊಗೆಯಾಗಿ ಹೋಗಿತ್ತು.

"ನೀವೊಂದು ಮಾತು ಹೇಳಿದ್ರೆ ಸಾಕು ಮಾರಾಯ್ರೆ," ಎಂದರು ಮಾಲೀಕರಾದ ಬಸವರಾಜಪ್ಪ. "ಡ್ರೈಯರ್ ನಡೆಸೋ ಪೆಟ್ಟಿಗೆ ಸರಿಯಾಗಿದೆ ಅಂತ. ಕಂಪನಿ ಎಂಜಿನಿಯರೂ ಅದನ್ನೇ ಹೇಳಿ ಆಯ್ತು. ನಾಳೆ ಪೊಲೀಸರು ಬರ್ತಾರೆ. ಬೆಂಕಿ ಇಟ್ಟ ಈ ಮೆಕ್ಯಾನಿಕ್ಕನ್ನ ಒಪ್ಪಿಸಿ ಕೈ ತೊಳ್ಕೊಳ್ತೀನಿ."

ಚಿಕ್ಕಮಗಳೂರಿನಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟ ಎಂಜಿನಿಯರಿಂಗ್ ಪದವೀಧರ ಶಂಕರ. ಅವನನ್ನು ಕರೆಸಿದ್ದು ಹುಡುಕುವುದಕ್ಕಲ್ಲ, ತಲೆಯಾಡಿಸುವುದಕ್ಕೆ. ಅದು ಅರ್ಥವಾದಾಗ ಅವನ ಕಿವಿ ಬಿಸಿಯಾಯಿತು. ಪೆಟ್ಟಿಗೆಯ ಕಡೆ ತಿರುಗಿದ.

ಗೋಡೆಯ ಮೇಲಿನ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್. ಸೌದೆ ಒಲೆಯ ಬಿಸಿಗಾಳಿಯನ್ನು ಬ್ಲೋವರ್ ಎಂಬ ದೊಡ್ಡ ಫ್ಯಾನು ಕಾಫಿ ತುಂಬಿ ತಿರುಗುವ ಡ್ರಮ್ಮಿಗೆ ಊದುತ್ತದೆ. ಬಿಸಿ ಮಿತಿ ಮೀರಿದರೆ ಚಿಪ್ ಬ್ಲೋವರನ್ನು ನಿಲ್ಲಿಸಬೇಕು. ನಿನ್ನೆ ನಿಲ್ಲಿಸಲಿಲ್ಲ.

"ನೀನು ಏನು ಮಾಡಿದೆ?" ಶಂಕರ ಕೇಳಿದ.

"ಸ್ಟಾಪ್ ಬಟನ್ ಒತ್ತಿದೆ ಸಾರ್," ಎಂದ ಮೆಕ್ಯಾನಿಕ್ ಹಬೀಬ್. "ಬ್ಲೋವರ್ ನಿಂತಿತು. ಕಣ್ ಮುಚ್ಚಿ ತೆಗೆಯೋದ್ರೊಳಗೆ ಪೆಟ್ಟಿಗೆ ತಾನೇ ಮತ್ತೆ ಚಾಲೂ ಮಾಡ್ತು. ಮತ್ತೆ ಒತ್ತಿದೆ. ಮತ್ತೆ ಚಾಲೂ! ಆಮೇಲೆ ಹೊಗೆಯೊಳಗೆ ನುಗ್ಗಿ ಮೇನ್ ಎಳೆದೆ."

"ಕೇಳಿದ್ರಾ? ಪೆಟ್ಟಿಗೆಗೆ ಭೂತ ಹಿಡ್ದಿತ್ತಂತೆ!" ಬಸವರಾಜಪ್ಪ ನಕ್ಕರು.

"ನಗಬೇಡಿ ಸಾಹುಕಾರ್ರೆ." ಬಾಗಿಲ ಬಳಿಯಿಂದ ಹೆಣ್ಣು ದನಿ. ಹಬೀಬನ ಹೆಂಡತಿ ಅನ್ವರಿ. "ಅವರ ಕೈ ಬೆಂದಿದ್ದು ನಿಮ್ಮ ಕಾಫಿ ಉಳಿಸೋಕೆ. ನೀವು ಕೊಟ್ಟ ಲೈನ್ ಮನೆ ಖಾಲಿ ಮಾಡು ಅಂದ್ರಿ, ಮಾಡ್ತೀವಿ. ಬೆಂಕಿ ಇಟ್ಟವ ಅನ್ನೋ ಹೆಸರು ಹೊತ್ಕೊಂಡು ಯಾವ ಊರಿಗೆ ಹೋಗೋದು? ಅದೊಂದು ಹೇಳಿ!"

ಶಂಕರ ದನಿ ತಗ್ಗಿಸಿದ. "ಹಬೀಬ್, ಈಚೆಗೆ ಮಿಶಿನ್ನಿನಲ್ಲಿ ಏನಾದ್ರೂ ಬದಲಾಗಿತ್ತಾ?"

"ಇಲ್ಲ ಸಾರ್. ಚೆನ್ನಾಗೇ ಇತ್ತು. ಮೊದ್ಲೆಲ್ಲ ಡ್ರಮ್ಮೂ ಬ್ಲೋವರೂ ಒಟ್ಟಿಗೆ ಶುರುವಾಗಿ ಬೆಳಿಗ್ಗೆ ಬೆಳಿಗ್ಗೆ ಫ್ಯೂಸ್ ಹೋಗ್ತಿತ್ತು. ತಂಗಿ ಮದುವೆಗೆ ಕಳಸಕ್ಕೆ ಹೋಗಿ ಬಂದ್ಮೇಲೆ ಒಂದ್ಸಲಾನೂ ಹೋಗ್ಲಿಲ್ಲ."

"ಯಾರು ಸರಿ ಮಾಡಿದ್ರು?"

"ಯಾರೂ ಇಲ್ಲ. ತಾನೇ ಸರಿಯಾಯ್ತು."

ಬಸವರಾಜಪ್ಪನವರ ನಗು ನಿಂತಿತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಶಂಕರನಿಗೆ ಮಾತಿಗಿಂತ ಮೌನ ಬೇಗ ಕೇಳಿಸುತ್ತಿತ್ತು. ತಾನೇ ಕೆಡುವ ಯಂತ್ರಗಳನ್ನು ಅವನು ಬೇಕಾದಷ್ಟು ನೋಡಿದ್ದ. ತಾನೇ ಸರಿಯಾಗುವ ಯಂತ್ರವನ್ನು ಎಲ್ಲಿಯೂ ನೋಡಿರಲಿಲ್ಲ.

"ಚಿಪ್ ಒಯ್ಯುತ್ತೇನೆ," ಎಂದ. "ನಾಳೆ ಪೊಲೀಸರ ಜೊತೆ ಕಂಪನಿಯವರನ್ನೂ ಇಲ್ಲಿಗೇ ಕರೆಸಿ."

ಅಂದೇ ಅವನು ಬೆಟ್ಟದ ಮೇಲಿನ ಅತ್ತಿಗುಂಡಿಗೆ ಹತ್ತಿದ. ಅಲ್ಲಿಯ ಎಸ್ಟೇಟೊಂದರಲ್ಲಿ ಅದೇ ಕಂಪನಿಯ ಅದೇ ಡ್ರೈಯರ್ ಇತ್ತು. ಅಲ್ಲಿಯ ಚಿಪ್ಪನ್ನೂ ಕೇಳಿ ತಂದ. ಅಂಗಡಿಯಲ್ಲಿ ಕುಳಿತು ಎರಡರ ಒಳಗಿನ ಪ್ರೋಗ್ರಾಮನ್ನೂ ಓದಿಸಿ ಹೋಲಿಸಿದ. ಅರ್ಧದವರೆಗೆ ಎರಡೂ ಒಂದೇ. ಆಮೇಲೆ? ಆಮೇಲೆಯೂ ಒಂದೇ, ಆದರೆ ಸುಟ್ಟ ಡ್ರೈಯರಿನ ಚಿಪ್ಪಿನಲ್ಲಿ ಎಲ್ಲವೂ ಮೂರು ಜಾಗ ಮುಂದಕ್ಕೆ ಸರಿದಿದೆ! ಯಾರೋ ನಡುವೆ ಏನನ್ನೋ ತುರುಕಿದ್ದರು.

ಮರುದಿನ ಡ್ರೈಯರ್ ಮನೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಬಂದು ನಿಂತಿದ್ದರು. ಬೆಂಗಳೂರಿನ ಕಂಪನಿ ಎಂಜಿನಿಯರ್ ರೇವಣ್ಣ ಇಸ್ತ್ರಿ ಕೆಡದ ಅಂಗಿಯಲ್ಲಿ, ಕೈಯಲ್ಲಿ ಸೂಟ್‌ಕೇಸ್ ಹಿಡಿದು ಬಂದಿದ್ದ.

"ಮಿಶಿನ್ ಕೂರಿಸಿದ ಮೇಲೆ ಇದರ ಪ್ರೋಗ್ರಾಂ ಮುಟ್ಟಿದ್ದೀರಾ?" ಶಂಕರ ಕೇಳಿದ.

"ಇಲ್ಲವೇ ಇಲ್ಲ. ಪ್ರೋಗ್ರಾಂ ಕೆಡೋದಿಲ್ಲ ಸ್ವಾಮಿ, ಕೆಡಿಸೋದು ಇಂಥವರು." ಗಲ್ಲದಿಂದಲೇ ಹಬೀಬನ ಕಡೆ ತೋರಿಸಿದ.

ಶಂಕರ ಸುಟ್ಟ ಡ್ರೈಯರಿನ ಚಿಪ್ಪನ್ನೇ ಪೆಟ್ಟಿಗೆಗೆ ಹಾಕಿದ. ಸ್ಟಾರ್ಟ್ ಒತ್ತಿದ, ಬ್ಲೋವರ್ ತಿರುಗಿತು. ಸ್ಟಾಪ್ ಒತ್ತಿದ, ನಿಂತಿತು. ಆಮೇಲೆ ಬಿಸಿ ಅಳೆಯುವ ಕಡ್ಡಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿದ.

ನಿಂತಿದ್ದ ಬ್ಲೋವರ್ ಭೋರೆಂದು ಹೊರಟಿತು!

"ಯಾ ಅಲ್ಲಾ," ಎಂದಳು ಅನ್ವರಿ.

ಅತ್ತಿಗುಂಡಿಯ ಚಿಪ್ ಹಾಕಿದ. ಬ್ಲೋವರ್ ಹಚ್ಚಿ, ಅದೇ ನೀರಿನಲ್ಲಿ ಅದೇ ಕಡ್ಡಿ ಅದ್ದಿದ. ಬ್ಲೋವರ್ ತಣ್ಣಗೆ ನಿಂತಿತು.

"ಇದು ಹೇಗೆ?" ಇನ್‌ಸ್ಪೆಕ್ಟರ್ ಹತ್ತಿರ ಬಂದರು.

"ಕೂಲಿ ಲೈನಿನ ಸಾಲುಮನೆಗಳ ಹಾಗೆ ಸಾರ್. ಚಿಪ್ಪಿನಲ್ಲಿ ಒಂದೊಂದು ಆಜ್ಞೆಗೂ ನಂಬರಿನ ಜಾಗ ಇದೆ. ಕೆಲವಕ್ಕೆ ಒಂದು ಜಾಗ ಸಾಕು, ಕೆಲವಕ್ಕೆ ಮೂರು ಬೇಕು. ಬರೆಯುವಾಗ ನಾವು 'ನಿಲ್ಲಿಸು' ಅನ್ನೋ ಕಡೆ ಹೋಗು ಅಂತ ಹೆಸರು ಮಾತ್ರ ಬರೀತೀವಿ. ನಂಬರ್ ಕೊಡೋದು ಅಸೆಂಬ್ಲರ್ ಅನ್ನೋ ಇನ್ನೊಂದು ಪ್ರೋಗ್ರಾಂ. ಅದು ಮೊದಲಿಂದ ಕೊನೆವರೆಗೆ ಎಣಿಸ್ತಾ ಹೋಗಿ, ಯಾವ ಹೆಸರು ಯಾವ ನಂಬರಿನಲ್ಲಿ ಕೂತಿದೆ ಅಂತ ಗುರುತು ಇಟ್ಕೊಳ್ಳುತ್ತೆ. ಎರಡನೇ ಸುತ್ತಿನಲ್ಲಿ ಆ ಹೆಸರು ಕರೆದ ಕಡೆಯೆಲ್ಲ ನಂಬರ್ ತುಂಬುತ್ತೆ. ನಡುವೆ ಹೊಸದು ಸೇರಿಸಿದ್ರೆ ಮತ್ತೆ ಮೊದಲಿಂದ ಎಣಿಸುತ್ತೆ. ಒಂದನ್ನೂ ಬಿಡೋದಿಲ್ಲ."

"ಇಲ್ಲಿ ಒಂದು ಬಿಟ್ಟುಹೋಗಿದೆ?"

"ಹೌದು. ಫ್ಯೂಸ್ ಹೋಗದಿರಲಿ ಅಂತ ಬ್ಲೋವರಿಗೆ ಮುಂಚೆ 'ಸ್ವಲ್ಪ ತಡೆ' ಅನ್ನೋ ಆಜ್ಞೆ ಸೇರಿಸಿದ್ದಾರೆ. ಮೂರು ಜಾಗದ್ದು. ಅದರ ಮುಂದಿನವೆಲ್ಲ ಮೂರು ಜಾಗ ಸರಿದವು. ಅಸೆಂಬ್ಲರ್ ಬೆಂಗಳೂರಿನಲ್ಲಿತ್ತು. ಹಾಗಾಗಿ ಇಲ್ಲೇ ಕೂತು ಕೈಯಲ್ಲೇ ನಂಬರ್ ತಿದ್ದಿದರು, ಬಿಸಿ ಮೀರಿದಾಗ ಹೋಗಬೇಕಾದ ಒಂದನ್ನು ಮರೆತರು. ಸ್ಟಾರ್ಟ್ ಒತ್ತಿ ನೋಡಿದರು, ಸ್ಟಾಪ್ ಒತ್ತಿ ನೋಡಿದರು. ಆ ಎರಡೂ ಸರಿ. ಬಿಸಿ ಮಾಡಿ ನೋಡಲಿಲ್ಲ! ಬಿಸಿಯಾದಾಗ ಚಿಪ್ ಹೋಗಿ ತಟ್ಟಿದ್ದು ಹಳೆಯ ನಂಬರಿನ ಬಾಗಿಲು. ಅಲ್ಲೀಗ 'ನಿಲ್ಲಿಸು' ಇರಲಿಲ್ಲ. ಅದರ ಹಿಂದಿನ ಮನೆಯ 'ಚಾಲೂ ಮಾಡು' ಬಂದು ಕೂತಿತ್ತು. ಹಬೀಬ್ ನಿನ್ನೆಯೇ ಹೇಳಿದ್ದ, ಪೆಟ್ಟಿಗೆ ತಾನೇ ಚಾಲೂ ಮಾಡ್ತು ಅಂತ. ಕೇಳಿದವರು ನಕ್ಕರು."

"ಇದಕ್ಕೆ ಚಿಪ್ಪಿಗೆ ಬರೆಯೋ ಯಂತ್ರ ಬೇಕು, ನನ್ನದು ಬರೀ ಓದುತ್ತೆ," ಶಂಕರನ ದನಿ ಗಡುಸಾಯಿತು. "ಈ ಬೆಟ್ಟದಲ್ಲಿ ಯಾರ ಹತ್ರ ಇದೆ? ರೇವಣ್ಣನವರೇ, ಸೂಟ್‌ಕೇಸ್ ತೆಗೀರಿ."

ರೇವಣ್ಣ ತೆಗೆಯಲಿಲ್ಲ. ಬಸವರಾಜಪ್ಪನವರ ಕಡೆ ನೋಡಿದ. ಆ ನೋಟವನ್ನು ಇನ್‌ಸ್ಪೆಕ್ಟರೂ ನೋಡಿದರು.

"ಇವರಿಗೆ ಗೇಟು ತೆರೆದವರು ನೀವೇ ಅಲ್ವಾ?" ಶಂಕರ ಮಾಲೀಕರನ್ನು ಕೇಳಿದ. "ಹಬೀಬ್ ಕಳಸದಲ್ಲಿದ್ದಾಗ?"

"ಫ್ಯೂಸ್ ಕಾಟ ತಪ್ಪಿಸಿ ಅಂತ ಕರೆಸಿದ್ದೆ," ಬಸವರಾಜಪ್ಪ ಗೊಣಗಿದರು. "ಕಂಪನಿಗೆ ತಿಳೀಬಾರ್ದು, ನನ್ನ ಕೆಲಸ ಹೋಗುತ್ತೆ ಅಂದ್ರು ಇವರು. ನಾನು ಬಾಯಿ ಬಿಟ್ಟಿದ್ರೆ ಮಿಶಿನ್ನಿನ ಗ್ಯಾರಂಟಿಯೂ ಹೋಗ್ತಿತ್ತು. ಅದಕ್ಕೆ..."

"ಅದಕ್ಕೆ ಒಬ್ಬ ಮನುಷ್ಯನನ್ನ ಜೈಲಿಗೆ ಕಳಿಸ್ತಿದ್ರಿ! ರೇವಣ್ಣ ಮರೆತದ್ದು ಒಂದು ನಂಬರು. ಅದು ತಪ್ಪು, ಯಾರಿಗಾದ್ರೂ ಆಗುತ್ತೆ. ಆಮೇಲೆ ನೀವಿಬ್ಬರೂ ಮಾಡಿದ್ದು ತಪ್ಪಲ್ಲ. ಗೊತ್ತಿದ್ದೂ ಇವನ ಕಡೆ ಬೆರಳು ತೋರಿಸಿದಿರಿ. ಇಲ್ಲಿಯ ಅಪರಾಧ ಅದು."

ಇನ್‌ಸ್ಪೆಕ್ಟರ್ ಸೂಟ್‌ಕೇಸನ್ನು ತಾವೇ ಎತ್ತಿಕೊಂಡರು. ರೇವಣ್ಣನಿಗೂ ಬಸವರಾಜಪ್ಪನವರಿಗೂ ಜೀಪಿನ ಕಡೆ ಕೈ ತೋರಿಸಿದರು.

ಎಲ್ಲರೂ ಹೋದ ಮೇಲೆ ಅನ್ವರಿ ಲೋಟದಲ್ಲಿ ಕಾಫಿ ತಂದು ಕೊಟ್ಟಳು. ಹಬೀಬ್ ಎಡಗೈಯಲ್ಲೇ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಈ ಎಸ್ಟೇಟಿನಲ್ಲಿ ಇನ್ನು ಅವನು ಕೆಲಸ ಮಾಡುವುದಿಲ್ಲ. ಮೂಡಿಗೆರೆಯಲ್ಲಿ ಭಾವನ ಗ್ಯಾರೇಜಿದೆ. ಈಗ ತಲೆ ಎತ್ತಿಕೊಂಡು ಅಲ್ಲಿಗೆ ಹೋಗಬಹುದು.

"ಇಡೀ ಎಸ್ಟೇಟಿನಲ್ಲಿ ನನ್ನ ನಂಬಿದ್ದು ನೀವೊಬ್ರೇ ಸಾರ್," ಎಂದ. "ಬಂದ ಗಳಿಗೆಯಿಂದ್ಲೂ. ನಿಮ್ಮ ಮುಖ ನೋಡಿದಾಗ್ಲೇ ನಂಗೆ ಗೊತ್ತಾಯ್ತು."

ಶಂಕರ ಲೋಟದೊಳಗೆ ನೋಡುತ್ತ ಕಾಫಿ ಕುಡಿದ. ಮಸಿ ಹತ್ತಿದ ಆ ಬಾಗಿಲ ಮುಂದೆ, ಮೊಟ್ಟಮೊದಲು ತಾನೂ ಅವನನ್ನೇ ಅನುಮಾನಿಸಿದ್ದೆ ಎಂದು ಅವನು ಹಬೀಬನಿಗೆ ಆಗಲೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.