ತಾಮ್ರದ ಜರಡಿ

"ಇದರಲ್ಲಿ ನೀರು ಎಲ್ಲಿದೆ, ತೋರ್ಸಿ ಮೇಡಂ!"

ಕೆಂಪು ತಿರುಳು ತುಂಬಿದ ಬಕೆಟ್ಟೊಂದು ಸುಲ್ಮಾ ತನಾಂತಾಳ ಪ್ರಯೋಗಾಲಯದ ಮೇಜಿನ ಮೇಲೆ ಧೊಪ್ಪೆಂದು ಕೂತಿತು. ಗಾಜಿನ ನಳಿಗೆಗಳು ಗಲಗಲ ಅಲುಗಿದವು.

ಸುಲ್ಮಾ ತಲೆಯೆತ್ತಿದಳು. ಎದುರಿಗೆ ನಿಂತವನ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಬೆಳಗಿನಿಂದ ದೋಣಿಯಲ್ಲಿ ಕೂತು ನದಿಪಟ್ಟಣ ಇಕಿತೋಸ್‌ಗೆ ಬಂದವನೆಂದು ನೋಡಿದರೇ ತಿಳಿಯುತ್ತಿತ್ತು. ಕಣ್ಣು ಮಾತ್ರ ಉರಿಯುತ್ತಿತ್ತು...

"ಯಾರು ನೀವು?"

"ಅದೆಲ್ಮೋ ಮುರಯಾರಿ. ಸಾಂತಾ ಇನೆಸ್ ಊರಿನ ಕಾಮು ಕಾಮು ಹಣ್ಣಿನ ಸಂಘದಲ್ಲಿ ತಿರುಳು ತೆಗೆಯೋನು. ಅಲ್ಲಲ್ಲ, ತೆಗೀತಿದ್ದೋನು! ನಿಮ್ಮ ಕಾಗದ ಓದಿ ಹೊರಗೆ ಹಾಕಿದ್ರು. ಈಗ ದಾರೀಲಿ ಸಿಕ್ಕೋರೆಲ್ಲ 'ಅದೆಲ್ಮೋ, ಒಂದು ಕೊಡ ನೀರು ಕೊಡ್ತೀಯಾ?' ಅಂತಾರೆ."

ಸುಲ್ಮಾಳಿಗೆ ನೆನಪಾಯಿತು. ನೂರು ಗ್ರಾಂ ತಿರುಳಿನಲ್ಲಿ ಎರಡು ಸಾವಿರ ಮಿಲಿಗ್ರಾಂನಷ್ಟು ಇರಬೇಕಾದ ವಿಟಮಿನ್ ಸಿ, ಸಾಂತಾ ಇನೆಸ್‌ನ ಮಾದರಿಯಲ್ಲಿ ಎಂಟುನೂರರ ಹತ್ತಿರ ನಿಂತಿತ್ತು. ಕೆಳಗೆ ಅವಳೇ ಒಂದು ಸಾಲು ಸೇರಿಸಿದ್ದಳು: 'ನೀರು ಬೆರೆಸಿರುವ ಶಂಕೆ.'

"ಅಳತೆ ಏನು ಹೇಳ್ತೋ ಅದನ್ನೇ ಬರೆದಿದೀನಿ," ಎಂದಳು ತಣ್ಣಗೆ.

"ಅಳತೆ 'ನೀರು' ಅಂತ ಬಾಯಿಬಿಟ್ಟು ಹೇಳ್ತಾ?"

ಅವನು ಚಮಚ ತೆಗೆದು ತಿರುಳಲ್ಲಿ ಅದ್ದಿ ಮುಂದೆ ಹಿಡಿದ.

"ನೀರು ಬೆರೆಸಿದ್ರೆ ಹುಳೀನೂ ಕಮ್ಮಿ ಆಗ್ಬೇಕು ತಾನೇ? ನೋಡಿ. ಅವತ್ತಿನ ಯಂತ್ರದಲ್ಲೇ, ಅದೇ ಕೆರೆ ದಂಡೆ ಹಣ್ಣಿಂದ ತೆಗೆದಿದ್ದು."

ಬೇಡವೆಂದೇ ಅಂದುಕೊಂಡಳು. ಆದರೂ ನಾಲಿಗೆಗೆ ತಾಕಿಸಿದಳು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹಲ್ಲು ಜುಂ ಎಂದಿತು!

"ಬಕೆಟ್ ಇಲ್ಲೇ ಇರ್ಲಿ. ಇನ್ನೊಂದ್ಸಲ ನೋಡ್ತೀನಿ," ಎಂದಳು.

"ಬೇಗ ನೋಡಿ. ನಮ್ಮೂರಲ್ಲಿ ನಗೋಕೆ ಬೇರೆ ವಿಷಯ ಇಲ್ಲ," ಎಂದು ಅವನು ಹೊರಟುಹೋದ.

ನೀರಿಲ್ಲವೆಂದು ಅವನು ಹೇಳಿದ್ದು ನಿಜವಾಗಿತ್ತು. ಹುಳಿಯ ಅಳತೆ ಸರಿಯಾಗಿಯೇ ಇತ್ತು, ಸಕ್ಕರೆಯ ಅಂಶವೂ ಅಷ್ಟೇ. ನೀರು ಬೆರೆತಿದ್ದರೆ ಎಲ್ಲವೂ ತೆಳುವಾಗಬೇಕಿತ್ತು. ಇಳಿದದ್ದು ವಿಟಮಿನ್ ಒಂದೇ!

'ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?'

ಅವಳು ಬಳಸುತ್ತಿದ್ದುದು ಹಳೆಯ ವಿಧಾನ. ಬಣ್ಣದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ವಿಟಮಿನ್ ಸಿ ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ಆ ಬಣ್ಣವನ್ನು ಅಳಿಸುತ್ತದೆ. ಎಷ್ಟು ಅಳಿಸಿತೋ ಅಷ್ಟು ವಿಟಮಿನ್. ಆದರೆ ಮೊದಲೇ ಗಾಳಿಗೆ ಎಲೆಕ್ಟ್ರಾನು ಕೊಟ್ಟು ಕೈ ಖಾಲಿ ಮಾಡಿಕೊಂಡ ವಿಟಮಿನ್ ಬಣ್ಣಕ್ಕೆ ಏನು ಕೊಟ್ಟೀತು? ಅದು ನಾಶವಾಗಿರುವುದಿಲ್ಲ, ರೂಪ ಬದಲಿಸಿರುತ್ತದೆ. ತಿಂದವರ ದೇಹ ಅದನ್ನು ಮತ್ತೆ ಮೊದಲಿನಂತೆ ಮಾಡಿಕೊಳ್ಳಬಲ್ಲದು. ಅವಳ ಅಳತೆ ಮಾತ್ರ ಅದನ್ನು ಕಾಣಲಾರದು. ಇದನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅವಳೇ ಪಾಠ ಹೇಳಿದ್ದಳು!

ಶೈತ್ಯಪೆಟ್ಟಿಗೆಯಲ್ಲಿದ್ದ ಹಿಂದಿನ ಮಾದರಿಯನ್ನೂ ಹೊರತೆಗೆದಳು. ರೂಪ ಬದಲಿಸಿದ ವಿಟಮಿನ್ ಹುಳಿಯಲ್ಲಿ, ತಣ್ಣಗಿಟ್ಟರೆ ಸ್ವಲ್ಪ ಕಾಲ ತಾಳುತ್ತದೆ. ಹುಳಿ ತಗ್ಗಿಸಿದರೆ ಬೇಗ ಒಡೆಯುತ್ತದೆ, ಒಡೆದ ಮೇಲೆ ಮತ್ತೆ ಕೂಡಿಸಲಾಗದು. ಆದರೆ ಹುಳಿ ತಗ್ಗಿಸದೆ, ವಿಟಮಿನ್ನನ್ನು ಮೊದಲಿನ ರೂಪಕ್ಕೆ ತರುವ ಅವಳ ಗಂಧಕದ ಔಷಧಿ ಕೆಲಸ ಮಾಡದು. ಗಡಿಯಾರ ನೋಡುತ್ತ, ಚಕಚಕನೆ ಔಷಧಿ ಹಾಕಿದಳು. ಆ ಔಷಧಿಯೇ ಬಣ್ಣ ಅಳಿಸಿಬಿಡದಂತೆ ಇನ್ನೊಂದನ್ನು ಹಾಕಿ ಅದರ ಬಾಯಿ ಕಟ್ಟಿದಳು. ಮತ್ತೆ ಅಳೆದಳು.

ಸಾವಿರದ ಒಂಬೈನೂರ ನಲವತ್ತು. ಬಕೆಟ್ಟಿನದೂ ಹೆಚ್ಚುಕಡಿಮೆ ಅಷ್ಟೇ.

ಸುಲ್ಮಾ ಹೊಸ ಕಾಗದ ಎಳೆದುಕೊಂಡು 'ಹಿಂದಿನ ವರದಿ ತಪ್ಪು' ಎಂದು ಬರೆದಳು.

ಮುಖ್ಯಸ್ಥ ಬಾರ್ದಾಲೆಸ್ ಕಾಗದವನ್ನು ಓದಿ ಹಿಂದಕ್ಕೆ ತಳ್ಳಿದ.

"ವರದಿ ಹೋಗಿ ಎರಡು ವಾರ ಆಯ್ತಲ್ಲಮ್ಮಾ. ಈಗ ತಪ್ಪು ಅಂದ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ?"

"ಹೇಳ್ದೆ ಇದ್ರೆ ನನ್ನನ್ನ ನಾನೇ ನಂಬಲ್ಲ ಸಾರ್."

"ಸಂಸ್ಥೆ ಹೆಸರಲ್ಲಿ ಕೊಡಂಗಿಲ್ಲ."

"ನನ್ನ ಹೆಸರಲ್ಲಿ ಕೊಡ್ತೀನಿ."

ಮರುದಿನ ಅವಳು ಮೋಟಾರು ದೋಣಿ ಹತ್ತಿದಳು.

ಸಾಂತಾ ಇನೆಸ್‌ನಲ್ಲಿ ನೀರು ಏರಿತ್ತು. ಸಭೆಮನೆಗೆ ಹಲಗೆಯ ಮೇಲೆ ನಡೆದು ಹೋಗಬೇಕಿತ್ತು. ಸಂಘದ ಅಧ್ಯಕ್ಷೆ ದೋನ್ಯಾ ಕ್ಲೋತಿಲ್ದೆ ಮರಗೆಣಸಿನ ಹುಳಿ ಪೇಯ ಮಸಾತೋ ತುಂಬಿದ ಸೋರೆಬುರುಡೆಯನ್ನು ಅವಳ ಕೈಗಿಟ್ಟು, ಅವಳು ತಂದ ಹೊಸ ಕಾಗದ ಓದಿ, ಮೇಲಿಂದ ಕೆಳಗೆ ನೋಡಿದಳು.

"ಅವತ್ತು ನೀರು ಅಂದ್ರಿ, ಇವತ್ತು ಅಲ್ಲ ಅಂತೀರಿ. ಇವನೇನು ಕಿವಿ ಊದಿದ್ನಾ?"

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಅದೆಲ್ಮೋ ನಗಲಿಲ್ಲ.

ಸುಲ್ಮಾ ಎದ್ದು ನಿಂತಳು. "ನೀರು ಅಂತ ಬರೆದದ್ದು ಯಂತ್ರ ಅಲ್ಲ, ನಾನು. ಅರ್ಧ ಮಾತ್ರ ಅಳೆದು, ಇನ್ನರ್ಧ ಇಲ್ಲ ಅಂದ್ಬಿಟ್ಟೆ. ಇವರು ಮೋಸ ಮಾಡಿಲ್ಲ. ತಪ್ಪು ನಂದು."

ಕ್ಲೋತಿಲ್ದೆ ಅದೆಲ್ಮೋನತ್ತ ಒಮ್ಮೆ ತಿರುಗಿ ನೋಡಿದಳು.

"ಮತ್ತೆ ನಮ್ಮ ಹಣ್ಣು ಮಾತ್ರ ಯಾಕೆ ಹಂಗಾಯ್ತು?" ಎಂದಳು ಕ್ಲೋತಿಲ್ದೆ.

"ತಿರುಳಿನ ಯಂತ್ರ ತೋರಿಸ್ತೀರಾ?"

ಯಂತ್ರದ ಉಕ್ಕಿನ ಜರಡಿ ಇರಬೇಕಾದ ಕಡೆ ಕೆಂಪಗೆ ಹೊಳೆಯುವ ಬಲೆಯೊಂದು ಇತ್ತು. ಸುಲ್ಮಾ ಬೆರಳಿಂದ ಮುಟ್ಟಿದಳು. ತಾಮ್ರ!

"ಇದೇ. ಗಾಳಿ ಇರೋ ಕಡೆ ತಾಮ್ರ ಒಂಚೂರು ಸೋಕಿದ್ರೂ ಸಾಕು, ವಿಟಮಿನ್ ಬೇಗ ರೂಪ ಬದಲಿಸುತ್ತೆ. ಇದನ್ನ ಹಾಕಿದ್ದು ಯಾರು?"

ಎಲ್ಲರ ಕಣ್ಣೂ ಒಬ್ಬನ ಮೇಲೆ ನಿಂತಿತು.

"ನಾನೇ," ಎಂದ ಅದೆಲ್ಮೋ. "ಹಳೇದು ಹರಿದಿತ್ತು. ಹಣ್ಣು ಕೊಳೀತಿತ್ತು. ಸಿಕ್ಕಿದ್ದನ್ನ ಹೆಣೆದು ಹಾಕ್ದೆ." ಅವನ ಮುಖ ಕೆಂಪಾಗಿತ್ತು. "ಮೊದ್ಲು ಕಳ್ಳ ಅಂದ್ರಿ. ಈಗ ಊರ ಮುಂದೆ ದಡ್ಡ ಅಂತೀರಾ? ಸಂತೋಷ!"

"ನಾನು ಹಾಗೆ..."

ಅವನು ಆಗಲೇ ದೋಣಿಗಿಳಿದು ಹುಟ್ಟು ಹಾಕುತ್ತಿದ್ದ. ಕ್ಷಣದಲ್ಲಿ ಮುಳುಗಿದ ಪೊದೆಗಳ ನಡುವೆ ಮರೆಯಾದ.

'ನಿರ್ದೋಷಿ ಅಂತ ಹೇಳೋಕೆ ಬಂದು ಎಂಥಾ ಕೆಲಸ ಮಾಡಿದೆ...' ಎಂದುಕೊಂಡಳು ಸುಲ್ಮಾ.

ಅವನನ್ನು ಸಂಘ ಮತ್ತೆ ಕೆಲಸಕ್ಕೆ ಸೇರಿಸಿಕೊಂಡಿತು. ಸುಲ್ಮಾಳ ಸಹಿಯ ಅಧಿಕಾರವನ್ನು ಬಾರ್ದಾಲೆಸ್ ಕಿತ್ತುಕೊಂಡ. ಅಳೆಯುವುದು ಅವಳು, ಸಹಿ ಬೇರೆಯವರದು. ಗಾಜು ತೊಳೆಯುವ ಕೆಲಸವೂ ಅವಳ ಪಾಲಿಗೆ ಬಂತು. ಅವಳು ಯಾರ ಬಳಿಯೂ ಗೊಣಗಲಿಲ್ಲ.

ಹತ್ತು ದಿನದ ಮೇಲೆ ಸರಕಿನ ದೋಣಿಯ ಮರೂಹಾ ಎರಡು ಸೀಸೆ ತಂದಿಟ್ಟಳು. ಒಂದಕ್ಕೆ ಬಿಳಿ ದಾರ, ಒಂದಕ್ಕೆ ಕಪ್ಪು ದಾರ. ಜೊತೆಗೊಂದು ಚೀಟಿ: 'ಯಾವುದು ತಾಮ್ರದ್ದು, ಹೇಳಿ ನೋಡೋಣ. ಅ.ಮು.'

ಸುಲ್ಮಾಳಿಗೆ ನಗು ಬಂತು. 'ನನ್ನನ್ನೇ ಪರೀಕ್ಷೆ ಮಾಡ್ತಾನಲ್ಲ!'

ಸಂಜೆಯೊಳಗೆ ಅಳೆದು ಬರೆದಳು: 'ಬಿಳಿ ದಾರದ್ದು.'

ಮರುವಾರ ಉತ್ತರ ಬಂತು: 'ಸರಿ. ಒಲೆ ಮೇಲೆ ಬಿಸಿ ಮಾಡಿದ್ರೆ ಏನಾಗುತ್ತೆ?'

'ಮಾಡಬೇಡಿ!'

'ಮಾಡ್ಬಿಟ್ಟೆ. ಕಳಿಸ್ತಿದೀನಿ. ಬೈಯಬೇಡಿ.'

ಹೀಗೆ ಎರಡು ತಿಂಗಳು. ಬಿಸಿಲಲ್ಲಿಟ್ಟದ್ದು, ಮುಚ್ಚಳ ತೆರೆದಿಟ್ಟದ್ದು, ಅತಿ ಹಣ್ಣಾದದ್ದು... ಒಮ್ಮೆ ಸೀಸೆಯ ಬದಲು ಬಾಳೆಲೆಯಲ್ಲಿ ಕಟ್ಟಿದ ಹುವಾನೆ ಬಂತು: 'ಇದನ್ನ ಅಳೀಬೇಡಿ. ತಿನ್ನಿ.' ಅನ್ನದೊಳಗಿನ ಕೋಳಿ ತುಂಡನ್ನು ಅವಳು ಕೊನೆಗೆ ಉಳಿಸಿಕೊಂಡು ತಿಂದಳು. ಗುರುವಾರ ಬಂದರೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಅದನ್ನು ತಾನೇ ಗಮನಿಸಿ, ಸ್ವಲ್ಪ ಬೆಚ್ಚಿ, ಮತ್ತೆ ಗಾಜು ತೊಳೆಯುತ್ತಿದ್ದಳು.

ಆಮೇಲೆ ಒಂದು ಗುರುವಾರ ಏನೂ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ.

'ಸುಗ್ಗಿ ಮುಗೀತು. ಇನ್ನೇನು ಕಳಿಸ್ತಾನೆ...' ಎಂದುಕೊಂಡಳು. ಎದೆಯಲ್ಲಿ ಏನೋ ಖಾಲಿಯಾದಂತಿತ್ತು. ಅದಕ್ಕೆ ಹೆಸರಿಡಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ತೊಟ್ಟಿಯ ಬಳಿ ನಿಂತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಸಹಿ ಕಿತ್ಕೊಂಡಿದಾರಂತೆ?"

ಅದೆಲ್ಮೋ! ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಸೀಸೆಯಿಲ್ಲ, ಚೀಟಿಯಿಲ್ಲ.

"ಯಾರು ಹೇಳಿದ್ರು?"

"ಮರೂಹಾ. ಎರಡು ತಿಂಗಳಿಂದ ಹೇಳ್ದೆ ಇದ್ಲು, ನೀವೇ ಬಾಯಿ ಕಟ್ಟಿದ್ರಂತೆ! ನಾನು ಅಲ್ಲಿಂದ ಸೀಸೆ ಕಳಿಸ್ಕೊಂಡು ಆಟ ಆಡ್ತಿದ್ದೆ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನೊಂದ್ಕೋತಿದ್ರಿ. ಅದೂ ಅಲ್ದೆ, ನಾನು ಮಾಡಿದ್ದು ನಿಮಗೋಸ್ಕರ ಅಲ್ಲ. ಅಳತೆ ತಪ್ಪಾಗಿತ್ತು, ಸರಿ ಮಾಡಿದೆ."

"ಬರೀ ಅಳತೆಗೋಸ್ಕರಾನಾ?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿದಳು.

"ಆಗ... ಹೌದು."

"ಈಗ?"

ಅವಳು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಅವತ್ತು ಜರಡಿ ನನ್ನದೇ ತಪ್ಪು," ಎಂದ ಅವನು. "ಊರ ಮುಂದೆ ನಿಂತು ನೀವು 'ತಪ್ಪು ನಂದು' ಅಂದ್ರಿ. ನನ್ನ ಕೈಲಿ ಆಗ್ಲಿಲ್ಲ, ಓಡಿಹೋದೆ. ಎರಡು ವಾರದಿಂದ ಒಂದು ಕೋಣೆ ಕಟ್ತಿದ್ದೆ. ಅದಕ್ಕೇ ಚೀಟಿ ಬರ್ಲಿಲ್ಲ. ಎತ್ತರದ ಕಂಬದ ಮೇಲೆ, ಕಿಟಕಿ ಕೆರೆ ಕಡೆಗೆ. ತಿರುಳು ಅಲ್ಲೇ ಅಳೆಯೋಕೆ. ದೋನ್ಯಾ ಕ್ಲೋತಿಲ್ದೆ ಹೇಳಿ ಕಳಿಸಿದಾಳೆ, ನೀವು ಬಂದ್ರೆ ಸಹಿ ನಿಮ್ದೇ."

"ಕೇಳ್ತಿರೋದು ಸಂಘಾನಾ, ನೀವಾ?"

"ಸಂಘ ಕೆಲಸಕ್ಕೆ ಕೇಳ್ತಿದೆ..." ಅವನ ದನಿ ತಗ್ಗಿತು. "ನಾನು ಬಾಳೋಕೆ ಕೇಳ್ತಿದೀನಿ, ಸುಲ್ಮಾ."

ಮೊದಲ ಬಾರಿ ಅವನ ಬಾಯಲ್ಲಿ ತನ್ನ ಹೆಸರು! ಮೇಡಂ ಎಂಬುದು ಎಲ್ಲಿಯೋ ಬಿದ್ದುಹೋಗಿತ್ತು.

ಅವಳು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದಳು.

"ದೋಣಿ ಎಷ್ಟು ಗಂಟೆಗೆ?"

"ನೀನು ಹತ್ತಿದಾಗ."