ಹತ್ತು ದಿನ ಮುಖ ಕೆಳಗೆ

ಹೆಣ್ಣು ನೋಡಲು ಬಂದವನು ಹೆಣ್ಣನ್ನು ಬಿಟ್ಟು ನೆಲವನ್ನೇ ನೋಡುತ್ತಿದ್ದ!

ಚಹಾದ ತಟ್ಟೆ ಹಿಡಿದು ನಿಂತ ದುರ್ಗಾದೇವಿಗೆ ಮೈಯೆಲ್ಲ ಉರಿಯಿತು. ಈ ಹಿಂದೆ ಇಬ್ಬರು ಬಂದು "ಹುಡುಗಿ ಕಪ್ಪು" ಎಂದು ಹೋಗಿದ್ದರು. ಇವನಿಗೆ ನೋಡುವುದೂ ಬೇಡವಾಯಿತೇ?

"ನಮ್ಮ ಮನಿ ಫರಸಿ ನೋಡಾಕ ಬಂದೀರೇನ್ರಿ?"

ಶ್ರೀರಾಮನಗರದ ಆ ಪಡಸಾಲೆಯಲ್ಲಿ ನಗು ಉಕ್ಕಿತು. ತಾಯಿಯ ಬದಲು ಜೊತೆಗೆ ಬಂದಿದ್ದ ಅವನ ಸೋದರಮಾವ ಗೋಣೆಪ್ಪ ತೊಡೆ ತಟ್ಟಿದ. "ಎತ್ತೋ ಮಾರಿ, ವೆಂಕೋಬ! ಇನ್ನ ಇಳಿಸಿದ್ಯಂದ್ರ ನೋಡು!"

ಯಲಬುರ್ಗಾದ ಲೈನ್‌ಮನ್ ವೆಂಕೋಬ ಕ್ಷಣ ಹಿಂಜರಿದ. ಆಮೇಲೆ ಕಪ್ಪು ಕನ್ನಡಕದ ಮುಖವೆತ್ತಿ ಕುಳಿತ... ಮಧ್ಯಾಹ್ನವಿಡೀ ಅವಳನ್ನೇ ನೋಡಿದ.

ಮದುವೆ ಗೊತ್ತಾಯಿತು. ದಿನಾ ಗಂಟೆಗಟ್ಟಲೆ ವಿಡಿಯೋ ಕಾಲ್. ಅವನ ತಲೆ ಬಾಗಿದರೆ ಸಾಕು, "ಮತ್ತ ಫರಸಿ?" ಎಂದು ಕಾಡುತ್ತಿದ್ದಳು. ಅವನು ನಕ್ಕು ತಲೆ ಎತ್ತುತ್ತಿದ್ದ.

ಹೆಣ್ಣು ನೋಡಿ ಹೋದ ಇಪ್ಪತ್ತನೇ ದಿನ ಅವನ ತಾಯಿ ಕಸ್ತೂರೆಮ್ಮ ಗಂಗಾವತಿಯ ಕಣ್ಣಿನ ಆಸ್ಪತ್ರೆಯಿಂದ ಫೋನ್ ಮಾಡಿದಳು.

ದುರ್ಗಾ ಓಡಿ ಬಂದಾಗ ಡಾಕ್ಟರು ಅವನನ್ನು ಕೇಳುತ್ತಿದ್ದರು. "ಸಕ್ಕರಿ ಕಾಯಿಲಿಯಿಂದ ಕಣ್ಣಾಗ ರಕ್ತ ತುಂಬಿತ್ತು. ಅದನ್ನ ತೆಗದು ಗ್ಯಾಸ್ ಬಿಟ್ಟಿದ್ವಿ. ಅದು ಕಣ್ಣಿನ ಹಿಂದಿನ ಪರದೆ ಒತ್ತಿ ಹಿಡೀಬೇಕಂದ್ರ ಹತ್ತು ದಿನ ಮಾರಿ ಕೆಳಗ ಇರ್ಲಿ ಅಂದಿದ್ದೆ. ಇಟ್ಟಿದ್ರೇನು?"

ವೆಂಕೋಬ ನೆಲದತ್ತ ಮುಖ ಇಳಿಸಿದ.

"ಇಟ್ರೂ ಒಮ್ಮೊಮ್ಮೆ ಪರದೆ ಕಳಚತೈತಿ. ಮತ್ತ ಆಪರೇಷನ್ ಮಾಡೋಣ. ಆದ್ರ ಈ ಕಣ್ಣು ಮೊದಲಿನಂಗ ಆಗಂಗಿಲ್ಲ."

ಡಾಕ್ಟರು ಹೊರಗೆ ಹೋದರು. ದುರ್ಗಾ ಫೈಲಿನ ತಾರೀಖು ನೋಡಿದಳು. ಅವನು ತಮ್ಮ ಮನೆಗೆ ಬಂದದ್ದು ಆಪರೇಷನ್ ಆದ ನಾಲ್ಕನೇ ದಿನ!

"ಯಾಕ ಹೇಳಲಿಲ್ರಿ ಅವತ್ತ?"

"ಸಣ್ಣಾಂವ ಇದ್ದಾಗಿಂದ ಸಕ್ಕರಿ ಐತಿ ಅಂದಿದ್ರ ನಿಮ್ಮಪ್ಪ ಚಹಾನೂ ಕೊಡ್ತಿರಲಿಲ್ಲ. ತಲಿ ಬಗ್ಗಿಸ್ಕೊಂಡ ಕೂಡು, ನಾಚ್ಕಿ ಅನ್ಕೊಂತಾರ ಅಂದಿದ್ಲು ಅವ್ವ. ಮಾವಗೂ ಹೇಳಿರಲಿಲ್ಲ."

"ನಾನ... ನಾನ ಎತ್ತಿಸಿದೆ."

"ನೀ ಅಳೂ ಹಂಗ ನಿಂತಿದ್ದಿ, ದುರ್ಗಾ. ನಾ ಹೆಂಗ ನೆಲ ನೋಡ್ಕೋತ ಕೂಡ್ಲಿ?" ಅವನು ಅವಳತ್ತ ತಿರುಗಿದ. "ಇನ್ನ ನನ್ನ ಕಂಬ ಏರಾಕ ಬಿಡಂಗಿಲ್ಲ. ಬ್ಯಾಡಂದ್ರ ಈಗಾರ ಹೇಳಿಬಿಡು."

ಅವಳು ಅವನ ಕೈ ಹಿಡಿದಳು. "ಮದುವಿ ಆದ್ರ ನಿಮ್ಮನ್ನ ಆಗೋದು."

"ಹಂಗಾದ್ರ ಕೇಳು... ನಿದ್ದ್ಯಾಗ ಅಂಗಾತ ಹೊಳ್ಳಿ ಮಲಗಿದ್ದೆ ಅಂತ ಅವ್ವಗ ಹೇಳೀನಿ. ನೀನೂ ಅದನ್ನ ಹೇಳು."

ಕಸ್ತೂರೆಮ್ಮ ಒಳಗೆ ಬಂದಳು. ಅತ್ತು ಅವಳ ಕಣ್ಣು ಕೆಂಪಾಗಿದ್ದವು. "ನೋಡವ್ವ, ನೆಟ್ಟಗ ಮಲಗಾಕೂ ಬರಂಗಿಲ್ಲ ಈ ಮೂಳಗ! ತನ್ನ ಕಣ್ಣ ತಾನ ಕಳಕೊಂಡ. ಇನ್ನಮ್ಯಾಲೆ ನೀನ ಕಾಯಬೇಕು."

ದುರ್ಗಾ ಬಾಯಿ ತೆರೆದಳು. ವೆಂಕೋಬನ ಹೆಬ್ಬೆರಳು ಅವಳ ಅಂಗೈಯನ್ನು ಮೆಲ್ಲಗೆ ಒತ್ತಿತು.

ಹೇಳಿದರೆ ಆ ಮನೆಯಲ್ಲಿ ತನಗೆ ಜಾಗವಿಲ್ಲ. ಹೇಳದಿದ್ದರೆ ಅವನು ಜೀವನವಿಡೀ ಬೈಸಿಕೊಳ್ಳುತ್ತಾನೆ...

"ಹೂನ್ರಿ ಅತ್ತಿ, ಕಾಯ್ತೀನಿ," ಎಂದಳು.

ಯಾರಿಗೂ ಹೇಳುವುದಿಲ್ಲ. ಹೆತ್ತವ್ವನಿಗೂ ಇಲ್ಲ. ಅದು ಅವನ ಮೇಲಿನ ಪ್ರೀತಿಯೋ ತನ್ನ ಹೆದರಿಕೆಯೋ, ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.